ಇದು ಯಾವ ಟೈಪ್ ಮೇಡಂ?

ಬಿಎಸ್ಸಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಓದುವವರಿಗೆ ಡಿಫರೆನ್ಶಿಯಲ್ ಈಕ್ವೇಷನ್ಸ್ (ಬದಲಾಗುವ ವೇಗ ಕೊಟ್ಟು ಮೂಲ ಫಂಕ್ಷನ್ ಕಂಡುಹಿಡಿ ಅನ್ನುವ ಲೆಕ್ಕಗಳು) ಪೇಪರ್ ಬಗ್ಗೆ ಸೀನಿಯರ್‌ಗಳು ಹೇಳುವುದು ಒಂದೇ ಮಾತು: ‘ಸ್ಕೋರಿಂಗ್ ಪೇಪರ್ ಕಣೇ. ಟೈಪ್ ಗೊತ್ತಾದ್ರೆ ಮುಗೀತು.’ ಮಾತು ಸುಳ್ಳಲ್ಲ. ರಿಯಲ್ ಅನಾಲಿಸಿಸ್, ಗ್ರೂಪ್ ಥಿಯರಿ ಪಕ್ಕಕ್ಕಿಟ್ಟು ನೋಡಿದರೆ ಇದು ಕೈಗೆ ಸಿಗುವ ಪೇಪರ್. ಪ್ರೂಫ್ ಕಡಿಮೆ, ಲೆಕ್ಕ ಜಾಸ್ತಿ. ಹಳೇ ಪ್ರಶ್ನೆಪತ್ರಿಕೆಗಳನ್ನು ಹರಡಿಕೊಂಡು ಕೂತರೆ, ಅವೇ ಲೆಕ್ಕಗಳು ಅಂಕಿ ಬದಲಾಯಿಸಿಕೊಂಡು ಮತ್ತೆ ಮತ್ತೆ ಬಂದಿರುವುದು ಕಾಣುತ್ತದೆ. ನಾನೂ ಅದೇ ಧೈರ್ಯದ ಮೇಲೆ ಕ್ಲಾಸಿಗೆ ಹೋದೆ.

ಮೊದಲ ಯೂನಿಟ್ ಪೂರ್ತಿ ಫಸ್ಟ್ ಆರ್ಡರ್. ವೇರಿಯಬಲ್ ಸೆಪರಬಲ್, ಹೋಮೋಜೀನಿಯಸ್, ಲೀನಿಯರ್, ಬರ್ನೌಲಿ, ಎಗ್ಸಾಕ್ಟ್, ಕೊನೆಗೆ ಕ್ಲೆರೋ. ಒಂದೊಂದಕ್ಕೂ ಒಂದು ಗುರುತು, ಒಂದು ದಾರಿ. ಮೇಡಂ ಬೋರ್ಡ್ ಮೇಲೆ ಲೆಕ್ಕ ಬರೆದು ನಮ್ಮ ಕಡೆ ತಿರುಗುವಷ್ಟರಲ್ಲಿ ಯಾರಾದರೊಬ್ಬರು ಕೇಳಿಬಿಡುತ್ತಿದ್ದರು: ‘ಇದು ಯಾವ ಟೈಪ್ ಮೇಡಂ?’ ಅವರು ಹೇಳುತ್ತಿರಲಿಲ್ಲ. ‘ನೀವೇ ಹೇಳಿ’ ಅಂತ ಚಾಕ್‌ಪೀಸ್ ಕೆಳಗಿಟ್ಟು ನಿಂತುಬಿಡುತ್ತಿದ್ದರು. ನನ್ನ ನೋಟ್ಸಿನ ಕೊನೇ ಹಾಳೆಯಲ್ಲಿ ಒಂದು ಪಟ್ಟಿ ಬೆಳೆಯುತ್ತಾ ಹೋಯಿತು. ಎಡಗಡೆ ಈಕ್ವೇಷನ್ ನೋಡೋಕೆ ಹೇಗಿರುತ್ತದೆ, ಬಲಗಡೆ ಏನು ಮಾಡಬೇಕು.

ಇಂಥ ಪಟ್ಟಿಯನ್ನು ‘ಬರೀ ಬಾಯಿಪಾಠ’ ಅಂತ ಹೀಯಾಳಿಸುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಕೈಗೆ ರೂಢಿ ಆಗದೆ ತಲೆಗೆ ಹತ್ತುವ ವಿಷಯ ಅಲ್ಲ ಇದು. ನಿಜ ಹೇಳಬೇಕೆಂದರೆ ಮೊದಲ ವಾರಗಳಲ್ಲಿ ಎಲ್ಲರನ್ನೂ ಸತಾಯಿಸಿದ್ದು ಡಿಫರೆನ್ಶಿಯಲ್ ಈಕ್ವೇಷನ್ ಅಲ್ಲವೇ ಅಲ್ಲ, ಪಿಯುಸಿಯ ಇಂಟಿಗ್ರೇಷನ್. ಎಕ್ಸ್ ಒಂದು ಕಡೆ, ವೈ ಒಂದು ಕಡೆ ಮಾಡುವುದು ಎರಡು ನಿಮಿಷದ ಕೆಲಸ. ಆಮೇಲೆ ಪಾರ್ಶಿಯಲ್ ಫ್ರ್ಯಾಕ್ಷನ್ ಬರುತ್ತದೆ, ಬೈ ಪಾರ್ಟ್ಸ್ ಬರುತ್ತದೆ, ಅಲ್ಲಿ ಗಾಡಿ ನಿಲ್ಲುತ್ತದೆ. ಅರಸೀಕೆರೆಯಿಂದ ಹಾಸನಕ್ಕೆ ದಿನಾ ಓಡಾಡುವಾಗ ಬಸ್ಸಿನಲ್ಲಿ ಕೂತು ನಾನು ಮಾಡಿದ್ದು ಆ ಹಳೇ ಲೆಕ್ಕಗಳನ್ನೇ. ಈ ಪೇಪರ್ ತಗೊಳ್ಳುವ ಯಾರಿಗಾದರೂ ನಾನು ಹೇಳುವ ಮೊದಲ ಮಾತೂ ಅದೇ: ರಜದಲ್ಲಿ ಇಂಟಿಗ್ರೇಷನ್ ಒಂದು ಸಲ ತಿರುವಿಹಾಕಿ.

ಆ ಪಟ್ಟಿಗೂ ಒಂದು ಚರಿತ್ರೆ ಇದೆ, ಅದನ್ನು ಕ್ಲಾಸಲ್ಲಿ ಯಾರೂ ಹೇಳುವುದಿಲ್ಲ. ವೇರಿಯಬಲ್‌ಗಳನ್ನು ಬೇರೆ ಮಾಡುವ ಉಪಾಯವನ್ನು ಲೈಬ್ನಿಟ್ಸ್ 1691ರಲ್ಲಿ ಕಾಗದದಲ್ಲಿ ಬರೆದು ತಿಳಿಸಿದ. ಯಾಕೋಬ್ ಬರ್ನೌಲಿ ತನ್ನ ಹೆಸರಿನ ಈಕ್ವೇಷನ್ನನ್ನು 1695ರಲ್ಲಿ ಮುಂದಿಟ್ಟ, ಮರುವರ್ಷ ಲೈಬ್ನಿಟ್ಸ್ ಅದನ್ನು ಲೀನಿಯರ್‌ಗೆ ಇಳಿಸುವ ದಾರಿ ತೋರಿಸಿದ. ಕ್ಲೆರೋದು 1734. ಅಂದರೆ ನಾವು ಮೊದಲ ಇಂಟರ್ನಲ್ಸ್ ಒಳಗೆ ಮುಗಿಸುವ ಯೂನಿಟ್ಟು ಅವರಿಗೆ ನಲವತ್ತು ವರ್ಷ ಹಿಡಿದಿತ್ತು. ಒಂದು ಲೆಕ್ಕಕ್ಕೆ ಅರ್ಧ ಗಂಟೆ ತಗೊಂಡಾಗ ಇದು ಸ್ವಲ್ಪ ಸಮಾಧಾನ ಕೊಡುತ್ತದೆ.

ಪಟ್ಟಿಯಲ್ಲಿ ನನಗೆ ಮೊದಲು ಖುಷಿ ಕೊಟ್ಟಿದ್ದು ಲೀನಿಯರ್ ಈಕ್ವೇಷನ್ನಿನ ಇಂಟಿಗ್ರೇಟಿಂಗ್ ಫ್ಯಾಕ್ಟರ್. ಎಲ್ಲರೂ ಅದನ್ನು ‘ಇ ಟು ದ ಪವರ್ ಇಂಟಿಗ್ರಲ್ ಪಿ ಡಿಎಕ್ಸ್’ ಅಂತ ಒಂದೇ ಉಸಿರಲ್ಲಿ ಹೇಳುತ್ತಾರೆ. ಅದು ಎಲ್ಲಿಂದ ಬಂತು ಅಂತ ಮೇಡಂ ಒಂದು ಚಿಕ್ಕ ಲೆಕ್ಕದಲ್ಲಿ ತೋರಿಸಿದರು. ಡಿವೈ ಬೈ ಡಿಎಕ್ಸ್ ಪ್ಲಸ್ ಟೂ ವೈ ಬೈ ಎಕ್ಸ್, ಈಕ್ವಲ್ಸ್ ಎಕ್ಸ್. ಎಡಗಡೆ ಎರಡು ತುಂಡು, ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಕಾಣುತ್ತವೆ. ಎಲ್ಲವನ್ನೂ ಎಕ್ಸ್ ಸ್ಕ್ವೇರ್‌ನಿಂದ ಗುಣಿಸಿ. ಈಗ ಎಡಗಡೆ ಇರುವುದು ಎಕ್ಸ್ ಸ್ಕ್ವೇರ್ ಇನ್‌ಟು ಡಿವೈ ಬೈ ಡಿಎಕ್ಸ್, ಪ್ಲಸ್ ಟೂ ಎಕ್ಸ್ ವೈ. ಇದನ್ನು ಎಲ್ಲೋ ನೋಡಿದ್ದೀವಲ್ಲ? ಎಕ್ಸ್ ಸ್ಕ್ವೇರ್ ಮತ್ತು ವೈ ಎರಡರ ಗುಣಲಬ್ಧವನ್ನು ಡಿಫರೆನ್ಶಿಯೇಟ್ ಮಾಡಿದರೆ ಬರುವುದೇ ಇದು. ಪಿಯುಸಿಯ ಪ್ರಾಡಕ್ಟ್ ರೂಲು, ಹಿಂದುಮುಂದಾಗಿ ಬಂದಿದೆ. ಆ ಎರಡು ತುಂಡು ಒಂದಾಗುವಂತೆ ಮಾಡುವ ಗುಣಕ ಯಾವುದು ಅಂತ ಹುಡುಕುತ್ತಾ ಹೋದರೆ ಆ ಫಾರ್ಮುಲಾ ತಾನಾಗಿಯೇ ಬರುತ್ತದೆ. ಆಮೇಲೆ ಅದನ್ನು ಬಾಯಿಪಾಠ ಮಾಡುವ ಗೋಜಿಲ್ಲ.

ಎಗ್ಸಾಕ್ಟ್ ಈಕ್ವೇಷನ್ ವಿಷಯ ಬೇರೆ. ಎಗ್ಸಾಕ್ಟ್ ಆದರೆ ಸರಿ, ಚೆಂದದ ಸಂಗತಿ. ಎಗ್ಸಾಕ್ಟ್ ಅಲ್ಲದಿದ್ದರೆ ಅದನ್ನು ಎಗ್ಸಾಕ್ಟ್ ಮಾಡಲು ರೂಲುಗಳ ಒಂದು ಸಾಲೇ ಇದೆ. ಹೀಗಿದ್ದರೆ ಒನ್ ಬೈ ಎಕ್ಸ್ ವೈ, ಹಾಗಿದ್ದರೆ ಒನ್ ಬೈ ಎಕ್ಸ್ ಸ್ಕ್ವೇರ್ ಪ್ಲಸ್ ವೈ ಸ್ಕ್ವೇರ್. ಇದಕ್ಕೆ ಅಷ್ಟೊಂದು ಕ್ಲಾಸು ಯಾಕೆ ಖರ್ಚು ಮಾಡುತ್ತಾರೋ ಗೊತ್ತಿಲ್ಲ. ಆ ಲೆಕ್ಕಗಳು ಆ ರೂಲಿಗೋಸ್ಕರವೇ ಹುಟ್ಟಿದವು. ಪುಸ್ತಕದಿಂದ ಆಚೆ ಅವು ನನಗೆ ಎಲ್ಲೂ ಎದುರಾಗಿಲ್ಲ.

ಎಗ್ಸಿಸ್ಟೆನ್ಸ್ ಅಂಡ್ ಯೂನಿಕ್‌ನೆಸ್ ಥಿಯರಂ, ಅಂದರೆ ಈಕ್ವೇಷನ್ನಿಗೆ ಉತ್ತರ ಇದೆ, ಅದೂ ಒಂದೇ ಇದೆ ಅಂತ ಯಾವಾಗ ಹೇಳಬಹುದು ಅನ್ನುವುದು, ಸಿಲಬಸ್‌ನಲ್ಲಿ ‘ಸ್ಟೇಟ್‌ಮೆಂಟ್ ಓನ್ಲಿ’ (ಪ್ರೂಫ್ ಬೇಡ) ಅಂತ ಇತ್ತು. ಹಾಗೆ ಬರೆದಿದ್ದರೆ ಯಾರೂ ಅದನ್ನು ಓದುವುದಿಲ್ಲ, ಅಲ್ವಾ? ಮೇಡಂ ಸ್ಟೇಟ್‌ಮೆಂಟ್ ಬರೆಸಿದರು, ಆಮೇಲೆ ಕೆಳಗೆ ಒಂದು ಪುಟ್ಟ ಈಕ್ವೇಷನ್ ಬರೆದರು. ಡಿವೈ ಬೈ ಡಿಎಕ್ಸ್ ಈಕ್ವಲ್ಸ್ ರೂಟ್ ವೈ, ಎಕ್ಸ್ ಸೊನ್ನೆ ಇದ್ದಾಗ ವೈ ಸೊನ್ನೆ. ವೇರಿಯಬಲ್ ಸೆಪರಬಲ್, ಎಲ್ಲಕ್ಕಿಂತ ಸುಲಭದ ಟೈಪು. ಉತ್ತರ ಎಕ್ಸ್ ಸ್ಕ್ವೇರ್ ಬೈ ಫೋರ್. ಎಲ್ಲರೂ ಬರೆದೆವು. ‘ವೈ ಯಾವಾಗಲೂ ಸೊನ್ನೆಯೇ ಅಂದ್ರೆ?’ ಅಂತ ಅವರು ಕೇಳಿದರು. ಹಾಕಿ ನೋಡಿದರೆ ಅದೂ ಸರಿಹೋಗುತ್ತದೆ. ಎರಡು ಉತ್ತರ. ಅಷ್ಟೇ ಅಲ್ಲ, ಸ್ವಲ್ಪ ದೂರ ಸೊನ್ನೆಯಾಗಿಯೇ ಇದ್ದು ಎಲ್ಲಿ ಬೇಕಾದರೂ ಮೇಲೇಳಬಹುದು. ಹಾಗಾದರೆ ಉತ್ತರಗಳಿಗೆ ಲೆಕ್ಕವೇ ಇಲ್ಲ.

‘ಇದರಲ್ಲಿ ಯಾವುದು ಕರೆಕ್ಟ್ ಮೇಡಂ?’

‘ಎಲ್ಲವೂ ಕರೆಕ್ಟೇ. ನಂಬಿಕೆ ಬರದಿದ್ರೆ ಮನೇಲಿ ಒಂದು ಡಬ್ಬಕ್ಕೆ ತೂತು ಹಾಕಿ ನೋಡಮ್ಮ.’

ತಮಾಷೆಗೆ ಹೇಳಿದ್ದೋ ಏನೋ. ನಾನು ಹಾಕಿದೆ. ಮುಚ್ಚಳ ಒಡೆದುಹೋಗಿದ್ದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ, ನೇರ ಗೋಡೆಯದು, ಅಮ್ಮ ಚಕ್ಲಿ ಹಾಕಿಡುತ್ತಿದ್ದದ್ದು. ಮೊಳೆ ಕಾಯಿಸಿ ತಳದ ಹತ್ತಿರ ಒಂದು ತೂತು ಮಾಡಿದೆ. ‘ಬೇರೆ ಡಬ್ಬ ಸಿಗ್ಲಿಲ್ವೇನೇ ನಿಂಗೆ?’ ಅಂತ ಅಮ್ಮ ಬೈದುಕೊಂಡರೂ ತಂಗಿಗೆ ಫೋನಿನ ಸ್ಟಾಪ್‌ವಾಚ್ ಹಿಡಿಯೋಕೆ ಬಿಟ್ಟರು.

ತೂತಿನಿಂದ ನೀರು ಎಷ್ಟು ರಭಸದಲ್ಲಿ ಬರುತ್ತದೆ ಅನ್ನುವುದನ್ನು ಟೊರಿಸೆಲ್ಲಿ 1644ರಲ್ಲೇ ಹೇಳಿದ್ದಾನೆ. ಮೇಲಿರುವ ನೀರಿನ ಎತ್ತರದಿಂದ ಒಂದು ಹನಿ ಬಿದ್ದರೆ ಎಷ್ಟು ವೇಗ ಬರುತ್ತದೋ ಅಷ್ಟು. ಅಂದರೆ ಎತ್ತರದ ವರ್ಗಮೂಲಕ್ಕೆ ತಕ್ಕಂತೆ. ಹಾಗಾಗಿ ಡಬ್ಬದಲ್ಲಿ ಮಟ್ಟ ಇಳಿಯುವ ವೇಗವೂ ವರ್ಗಮೂಲದ್ದೇ. ಬೋರ್ಡ್ ಮೇಲಿನ ಈಕ್ವೇಷನ್ನೇ, ಒಂದು ಮೈನಸ್ ಚಿಹ್ನೆ ಮತ್ತು ಒಂದು ಸ್ಥಿರಾಂಕ ಸೇರಿದೆ ಅಷ್ಟೆ. ಬಿಡಿಸಿದರೆ ಎತ್ತರದ ವರ್ಗಮೂಲ ಒಂದೇ ಸಮನಾಗಿ ಇಳಿಯಬೇಕು ಅಂತ ಬರುತ್ತದೆ. ಅದನ್ನು ಪರೀಕ್ಷೆ ಮಾಡಲು ಗ್ರಾಫ್ ಕೂಡ ಬೇಕಿಲ್ಲ. ತೂತಿನಿಂದ ಮೇಲಕ್ಕೆ 25 ಸೆಂಟಿಮೀಟರ್, 16, 9, 4, 1 ಹೀಗೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದೆ. ವರ್ಗಮೂಲಗಳು 5, 4, 3, 2, 1. ಗೆರೆಯಿಂದ ಗೆರೆಗೆ ಒಂದೇ ಹೊತ್ತು ಹಿಡಿಯಬೇಕು.

ನೋಡೋಕೆ ನಂಬಿಕೆ ಬರುವುದಿಲ್ಲ. ಮೊದಲ ಎರಡು ಗೆರೆ ನಡುವೆ 9 ಸೆಂಟಿಮೀಟರ್ ನೀರು, ಕೆಳಗಿನ ಎರಡರ ನಡುವೆ ಬರೀ 3. ಆದರೂ ತಂಗಿ ಕೂಗಿದ ಹೊತ್ತುಗಳೆಲ್ಲ ಒಂದು ನಿಮಿಷದ ಮೇಲೆ ಸ್ವಲ್ಪ, ಹೆಚ್ಚು ಕಡಿಮೆ ಒಂದೇ. ಕೊನೇ ಸೆಂಟಿಮೀಟರ್ ಮಾತ್ರ ಲೆಕ್ಕ ತಪ್ಪಿಸಿತು. ಧಾರೆ ಕಡಿದು ತೊಟ್ಟಿಕ್ಕೋಕೆ ಶುರುವಾಯಿತು. ಅಲ್ಲಿ ನೀರಿನ ಮೇಲ್ಮೈ ಎಳೆತದ ಕಾರುಬಾರು, ಟೊರಿಸೆಲ್ಲಿ ಮಾತು ಅಲ್ಲಿ ನಡೆಯುವುದಿಲ್ಲ.

ಮಾರನೇ ದಿನ ಬೆಳಿಗ್ಗೆ ಡಬ್ಬ ಖಾಲಿಯಾಗಿ ಕೂತಿತ್ತು. ಮೇಡಂ ಹೇಳಿದ್ದು ಆಗ ಹೊಳೆಯಿತು. ಈ ಖಾಲಿ ಡಬ್ಬ ನೋಡಿ ಅದು ಯಾವಾಗ ಖಾಲಿಯಾಯಿತು ಅಂತ ಹೇಳಿ ನೋಡೋಣ. ರಾತ್ರಿ ಹತ್ತಕ್ಕೆ ಇರಬಹುದು, ಎರಡು ಗಂಟೆಗೆ ಇರಬಹುದು, ನೀರನ್ನೇ ತುಂಬದೆಯೂ ಇದ್ದಿರಬಹುದು. ನೀರು ಇದ್ದಾಗ ಎತ್ತರ ನೋಡಿ ಹಿಂದೆಮುಂದೆ ಎರಡೂ ಕಡೆ ಹೇಳಬಹುದಿತ್ತು. ಸೊನ್ನೆ ಮುಟ್ಟಿದ ಮೇಲೆ ಹಿಂದಿನ ಸುದ್ದಿ ಅಳಿಸಿಹೋಯಿತು. ಬೋರ್ಡ್ ಮೇಲಿನ ಲೆಕ್ಕವಿಲ್ಲದಷ್ಟು ಉತ್ತರಗಳು ಅಂದರೆ ಇವೇ, ಕಾಲವನ್ನು ಹಿಂದಕ್ಕೆ ಓಡಿಸಿ ನೋಡಿದಾಗ. ಥಿಯರಂನಲ್ಲಿ ಲಿಪ್‌ಶಿಟ್ಸ್ ಹೆಸರಿನ ಒಂದು ಷರತ್ತು ಇದೆ: ವೈ ಬದಲಾದಂತೆ ಈಕ್ವೇಷನ್ನಿನ ಬಲಗಡೆ ಒಂದು ಮಿತಿಗಿಂತ ಕಡಿದಾಗಿ ಬದಲಾಗಬಾರದು. ರೂಟ್ ವೈ ಸೊನ್ನೆಯ ಹತ್ತಿರ ಸಿಕ್ಕಾಪಟ್ಟೆ ಕಡಿದಾಗಿ ಏರುವುದರಿಂದ ಆ ಷರತ್ತು ಅಲ್ಲಿ ಮುರಿಯುತ್ತದೆ. ‘ಸ್ಟೇಟ್‌ಮೆಂಟ್ ಓನ್ಲಿ’ ಅಂತ ಬರೆದವರು ಇದೊಂದು ಉದಾಹರಣೆಯನ್ನಾದರೂ ಜೊತೆಗೆ ಸೇರಿಸಬಹುದಿತ್ತು.

ಇದನ್ನೆಲ್ಲ ನೋಡುತ್ತಾ ಕೂತಿದ್ದ ತಾತ ಗಳಿಗೆ ಬಟ್ಟಲಿನ ವಿಷಯ ತೆಗೆದರು. ಹಿಂದೆ ಮದುವೆ ಮುಹೂರ್ತಕ್ಕೆ ಹೊತ್ತು ನೋಡುತ್ತಿದ್ದದ್ದು ಅದರಲ್ಲೇ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವುದು. ಒಳಗೆ ನೀರು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಸುಮ್ನೆ ಕುತೂಹಲಕ್ಕೆ ಅದಕ್ಕೂ ಒಂದು ಈಕ್ವೇಷನ್ ಬರೆದೆ. ಬಟ್ಟಲಿಗೆ ನೇರ ಗೋಡೆ ಅಂತ ಇಟ್ಟುಕೊಂಡರೆ ಒಂದು ಮಜಾ ಇದೆ. ತೇಲುವ ವಸ್ತು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ತಳ್ಳಬೇಕು. ಒಳಗೆ ನೀರು ಏರಿದಷ್ಟೂ ಬಟ್ಟಲು ಕೆಳಗಿಳಿಯುತ್ತದೆ. ಹಾಗಾಗಿ ಹೊರಗಿನ ಮಟ್ಟಕ್ಕೂ ಒಳಗಿನ ಮಟ್ಟಕ್ಕೂ ಇರುವ ವ್ಯತ್ಯಾಸ ಬದಲಾಗುವುದೇ ಇಲ್ಲ. ವ್ಯತ್ಯಾಸ ಬದಲಾಗದಿದ್ದರೆ ನೀರು ನುಗ್ಗುವ ವೇಗವೂ ಬದಲಾಗುವುದಿಲ್ಲ. ನನ್ನ ಡಬ್ಬದಲ್ಲಿ ಹೊತ್ತು ಹೋದಂತೆ ನಿಧಾನವಾದ ನೀರು ಇಲ್ಲಿ ಮೊದಲಿಂದ ಕೊನೇವರೆಗೆ ಒಂದೇ ಸಮ ತುಂಬುತ್ತದೆ. ನಿಜವಾದ ಬಟ್ಟಲು ಗುಂಡಗಿರುತ್ತದೆ, ಲೆಕ್ಕ ಇಷ್ಟು ನೇರ ಇರುವುದಿಲ್ಲ. ಆದರೆ ಪೂರ್ತಿ ಮುಳುಗಲು ಪ್ರತಿ ಸಲ ಒಂದೇ ಹೊತ್ತು ಹಿಡಿದರೆ ಪುರೋಹಿತರಿಗೆ ಅಷ್ಟೇ ಸಾಕು.

ಎರಡನೇ ಯೂನಿಟ್ಟು ಸೆಕೆಂಡ್ ಆರ್ಡರ್, ಕಾನ್‌ಸ್ಟಂಟ್ ಕೋಎಫಿಷಿಯೆಂಟ್. ಪರೀಕ್ಷೆಯಲ್ಲಿ ಅಂಕ ಬರುವುದು ಇಲ್ಲಿಂದಲೇ. ಡಿಫರೆನ್ಶಿಯಲ್ ಈಕ್ವೇಷನ್ ಇಲ್ಲಿ ಹೈಸ್ಕೂಲಿನ ಕ್ವಾಡ್ರಾಟಿಕ್ ಆಗಿಬಿಡುತ್ತದೆ. ಆಕ್ಸಿಲರಿ ಈಕ್ವೇಷನ್ ಬರೆ, ರೂಟ್ಸ್ ತೆಗೆ, ಸಿ.ಎಫ್. (ಬಲಗಡೆ ಸೊನ್ನೆ ಇಟ್ಟಾಗ ಬರುವ ಉತ್ತರ) ಬರೆ. ಆಮೇಲೆ ಪಿ.ಐ.ಗೆ, ಅಂದರೆ ಬಲಗಡೆಗೆ ಸರಿಹೋಗುವ ಒಂದು ಉತ್ತರಕ್ಕೆ, ಡಿ ಆಪರೇಟರ್. ‘ಡಿ’ ಅಂದರೆ ಡಿಫರೆನ್ಶಿಯೇಟ್ ಮಾಡು ಅಂತ ಒಂದು ಆಜ್ಞೆ. ಅದನ್ನು ಒಂದು ಅಂಕಿಯೋ ಎಂಬಂತೆ ಛೇದಕ್ಕೆ ಹಾಕಿ, ಅದರ ಜಾಗಕ್ಕೆ 2 ಅಂತ ಬರೆದು, ಭಾಗಿಸಿ ಉತ್ತರ ತೆಗೆಯುತ್ತಾರೆ. ಉತ್ತರವೇನೋ ಸರಿ ಬರುತ್ತದೆ. ನನ್ನ ಪಕ್ಕ ಕೂರುತ್ತಿದ್ದವಳಿಗೆ ಇದು ಕೊನೇತನಕ ಒಗ್ಗಲಿಲ್ಲ. ‘ಇದು ಮೋಸ ಕಣೇ’ ಅಂತಲೇ ಇದ್ದಳು.

ಛೇದ ಸೊನ್ನೆ ಆದರೆ ಪುಸ್ತಕಗಳು ಅದನ್ನು ‘ಕೇಸ್ ಆಫ್ ಫೇಲ್ಯೂರ್’ ಅನ್ನುತ್ತವೆ. ಉದಾಹರಣೆಗೆ ವೈ ಡಬಲ್ ಡ್ಯಾಶ್ ಪ್ಲಸ್ ಫೋರ್ ವೈ, ಈಕ್ವಲ್ಸ್ ಕಾಸ್ ಟೂ ಎಕ್ಸ್. ಹಾಗೇ ಹಾಕಿದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಆಗ ಎಕ್ಸ್‌ನಿಂದ ಗುಣಿಸಿ ಛೇದವನ್ನು ಡಿಫರೆನ್ಶಿಯೇಟ್ ಮಾಡು ಅನ್ನುವುದು ರೂಲು. ಉತ್ತರ ಎಕ್ಸ್ ಬೈ ಫೋರ್ ಇನ್‌ಟು ಸೈನ್ ಟೂ ಎಕ್ಸ್. ನಾವು ಬರೆದು ಮುಂದಿನ ಲೆಕ್ಕಕ್ಕೆ ಹೋದೆವು. ಅದೇ ವಾರ ಫಿಸಿಕ್ಸ್ ಕ್ಲಾಸಿನಲ್ಲಿ ರೆಸೊನೆನ್ಸ್ ಬಂತು. ತನ್ನದೇ ಲಯದಲ್ಲಿ ತೂಗುವ ವಸ್ತುವನ್ನು ಅದೇ ಲಯದಲ್ಲಿ ತಳ್ಳುತ್ತಾ ಹೋದರೆ ತೂಗಾಟ ದೊಡ್ಡದಾಗುತ್ತಾ ಹೋಗುತ್ತದೆ. ಸೈನ್ ಮುಂದೆ ಕೂತಿದ್ದ ಆ ಎಕ್ಸ್ ಹೇಳುತ್ತಿದ್ದದ್ದು ಇದನ್ನೇ. ಎರಡು ಕ್ಲಾಸಿಗೂ ನಡುವೆ ಒಂದು ಕಾರಿಡಾರ್ ಅಷ್ಟೇ ಇದ್ದದ್ದು, ಆದರೆ ಇದು ಅದೇ ಅಂತ ಎರಡೂ ಕಡೆ ಯಾರೂ ಹೇಳಲಿಲ್ಲ.

ಫಿಸಿಕ್ಸ್ ಸರ್ ಟಕೋಮಾ ನ್ಯಾರೋಸ್ ಸೇತುವೆ ವಿಡಿಯೋ ಹಾಕಿದ್ದರು. ಅಮೆರಿಕದ ವಾಷಿಂಗ್ಟನ್ ರಾಜ್ಯದ ತೂಗುಸೇತುವೆ. 1940ರ ಜುಲೈ 1ಕ್ಕೆ ಶುರುವಾಗಿ ಅದೇ ವರ್ಷ ನವೆಂಬರ್ 7ಕ್ಕೆ ಗಾಳಿಗೆ ಬಟ್ಟೆಯಂತೆ ತಿರುಚಿಕೊಂಡು ಬಿತ್ತು. ‘ರೆಸೊನೆನ್ಸ್’ ಅಂತ ಪುಸ್ತಕ ಹೇಳುತ್ತದೆ, ನಾವೂ ಬರೆದುಕೊಂಡೆವು. ನನಗೆ ಒಂದು ಅನುಮಾನ ಉಳಿಯಿತು. ಗಾಳಿ ಯಾಕೆ ಸರಿಯಾಗಿ ಸೇತುವೆಯ ಲಯಕ್ಕೇ ಬೀಸಬೇಕು? ಬಲಗಡೆಯ ಕಾಸ್ ಟೂ ಎಕ್ಸನ್ನು ಅಲ್ಲಿ ಯಾರು ಬರೆದಿಟ್ಟರು? ಹುಡುಕಿದರೆ 1991ರಲ್ಲೇ ಬಿಲ್ಲಾ ಮತ್ತು ಸ್ಕಾನ್ಲನ್ ಅನ್ನುವ ಇಬ್ಬರು ಇದೇ ತಕರಾರು ಎತ್ತಿ ಪ್ರಬಂಧ ಬರೆದಿದ್ದರು. ಗಾಳಿ ಒಂದೇ ಸಮ ಬೀಸುತ್ತಿತ್ತು. ಸೇತುವೆ ತಾನು ತಿರುಚಿಕೊಳ್ಳುತ್ತಲೇ ಗಾಳಿಯಿಂದ ತನಗೆ ಬೀಳುವ ಬಲವನ್ನು ಬದಲಾಯಿಸಿಕೊಳ್ಳುತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ತಪ್ಪು ಬಲಗಡೆ ಇರಲಿಲ್ಲ. ಎಡಗಡೆ ನಡುವಿನ ಪದ, ಡ್ಯಾಂಪಿಂಗ್ ಅನ್ನುತ್ತೇವಲ್ಲ, ಅದರ ಚಿಹ್ನೆ ಪ್ಲಸ್‌ನಿಂದ ಮೈನಸ್‌ಗೆ ತಿರುಗಿತ್ತು. ತೂಗಾಟವನ್ನು ತಣಿಸಬೇಕಾದ ಪದ ಅದಕ್ಕೆ ಶಕ್ತಿ ಕೊಡತೊಡಗಿತ್ತು. ಆಕ್ಸಿಲರಿ ಈಕ್ವೇಷನ್ ಬರೆದು ನೋಡಿ. ನಡುವಿನ ಪದ ಮೈನಸ್ ಆದರೆ ರೂಟಿನ ರಿಯಲ್ ಪಾರ್ಟ್ ಪ್ಲಸ್ ಆಗುತ್ತದೆ, ಉತ್ತರ ಎಕ್ಸ್‌ಪೊನೆನ್ಶಿಯಲ್ ಆಗಿ ಬೆಳೆಯುತ್ತದೆ. ಮೂರು ಸಾಲಿನ ಲೆಕ್ಕ. ದಿನಕ್ಕೆ ನಾಲ್ಕು ಸಲ ಮಾಡುತ್ತಿದ್ದ ಲೆಕ್ಕವನ್ನು ಅವತ್ತು ಮೊದಲ ಸಲ ಓದಿದ ಹಾಗಾಯಿತು.

ಕೋಶಿ–ಆಯ್ಲರ್, ವೇರಿಯೇಷನ್ ಆಫ್ ಪ್ಯಾರಾಮೀಟರ್ಸ್, ರಾನ್‌ಸ್ಕಿಯನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾಡಿದೆವು, ಬಂತು. ಅಪ್ಲಿಕೇಷನ್ಸ್ ಅನ್ನುವ ಕೊನೇ ಭಾಗ ಪೋರ್ಷನ್ ಮುಗಿಸುವ ಗಡಿಬಿಡಿಯಲ್ಲಿ ಹಾರಿಹೋಯಿತು. ಕೂಲಿಂಗ್ ಲಾ, ಡಿಕೇ, ಆರ್ಥಾಗನಲ್ ಟ್ರ್ಯಾಜೆಕ್ಟರಿ ಎಲ್ಲವೂ ಒಂದೊಂದು ಲೆಕ್ಕ. ಅದನ್ನು ಮೊದಲಿಗೆ ತಂದು, ರೂಲುಗಳ ಸಾಲನ್ನು ಕೊನೆಗೆ ದಬ್ಬಿದ್ದರೆ ಚೆನ್ನಾಗಿರುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ. ಪರೀಕ್ಷೆ ಸೀನಿಯರ್‌ಗಳು ಹೇಳಿದಂತೆಯೇ ಆಯಿತು.

ಪರೀಕ್ಷೆ ಮುಗಿದ ಮೇಲೆ ಮೇಡಂ ಹತ್ತಿರ ಹೋಗಿ ಪಟ್ಟಿಯಲ್ಲಿ ಇಲ್ಲದ ಈಕ್ವೇಷನ್ ಒಂದು ಕೊಡಿ ಅಂದೆ. ಅವರು ಬರೆದುಕೊಟ್ಟಿದ್ದು: ಡಿವೈ ಬೈ ಡಿಎಕ್ಸ್ ಈಕ್ವಲ್ಸ್ ಎಕ್ಸ್ ಸ್ಕ್ವೇರ್ ಪ್ಲಸ್ ವೈ ಸ್ಕ್ವೇರ್. ಸೊನ್ನೆಯಿಂದ ಶುರು. ಎಷ್ಟು ಸಾಧುವಾಗಿ ಕಾಣುತ್ತದೆ! ನಮ್ಮ ಪಟ್ಟಿಯ ಯಾವ ಸಾಲಿಗೂ ಕೂರುವುದಿಲ್ಲ. ನಮಗೆ ಗೊತ್ತಿರುವ ಸೈನ್, ಲಾಗ್, ಎಕ್ಸ್‌ಪೊನೆನ್ಶಿಯಲ್, ಅವುಗಳ ಇಂಟಿಗ್ರಲ್, ಏನೇ ಜೋಡಿಸಿದರೂ ಇದನ್ನು ಬಿಡಿಸಲಾಗದು ಅಂತ ಲಿಯೂವಿಲ್ 1841ರಲ್ಲೇ ತೋರಿಸಿದ್ದಾನೆ.

‘ಬಿಡಿಸಬೇಡ. ಗ್ರಾಫ್ ಶೀಟ್ ತಗೊಂಡು ಬಿಡಿಸದೆ ನೋಡು’ ಅಂದರು.

ಈಕ್ವೇಷನ್ ಪ್ರತಿ ಚುಕ್ಕಿಯಲ್ಲೂ ಒಂದು ಓರೆ ಹೇಳುತ್ತದೆ. ಚುಕ್ಕಿಗೊಂದು ಪುಟ್ಟ ಗೆರೆ ಹಾಕುತ್ತಾ ಹೋದರೆ ಸ್ಲೋಪ್ ಫೀಲ್ಡ್. ಈ ಈಕ್ವೇಷನ್ನಿಗೆ ಕೈವಾರ ಸಾಕು. ಎಕ್ಸ್ ಸ್ಕ್ವೇರ್ ಪ್ಲಸ್ ವೈ ಸ್ಕ್ವೇರ್ ಅಂದರೆ ವೃತ್ತ, ಒಂದು ವೃತ್ತದ ಮೇಲೆಲ್ಲ ಒಂದೇ ಓರೆ. ತ್ರಿಜ್ಯ 1ರ ವೃತ್ತದ ಮೇಲೆ ಎಲ್ಲ ಗೆರೆಗಳೂ 45 ಡಿಗ್ರಿ. ತ್ರಿಜ್ಯ 2ಕ್ಕೆ ಹೋದರೆ ಓರೆ 4, ಹೆಚ್ಚುಕಡಿಮೆ ನೆಟ್ಟಗೆ. ಗೆರೆಗಳ ಜಾಡು ಹಿಡಿದು ಪೆನ್ಸಿಲ್ ಓಡಿಸಿದರೆ ಮೊದಲು ನೆಲಕ್ಕೆ ಅಂಟಿಕೊಂಡೇ ಹೋಗಿ, ಆಮೇಲೆ ಎದ್ದು, ಹಾಳೆಯ ಮೇಲಂಚಿಗೆ ನುಗ್ಗುತ್ತದೆ.

ಆಮೇಲೆ ಕ್ಯಾಲ್ಕುಲೇಟರ್ ಹಿಡಿದು ಆಯ್ಲರ್ ವಿಧಾನ. ಹೆಜ್ಜೆ 0.1. ಇರುವ ಜಾಗದ ಓರೆಯಲ್ಲಿ ಒಂದು ಹೆಜ್ಜೆ ಇಡು, ಹೊಸ ಜಾಗದ ಓರೆ ನೋಡು, ಮತ್ತೊಂದು ಹೆಜ್ಜೆ. ಎಕ್ಸ್ 1 ಇದ್ದಾಗ ವೈ 0.29. ಎಕ್ಸ್ 2 ಇದ್ದಾಗ 5.85. ಎಕ್ಸ್ 2.1ಕ್ಕೆ 9.68. ಚೆನ್ನಾಗಿಯೇ ಹೋಗುತ್ತಿದೆ ಅಂದುಕೊಂಡೆ. ಲ್ಯಾಬಿನಲ್ಲಿ ಮ್ಯಾಕ್ಸಿಮಾ ಅನ್ನುವ ಗಣಿತದ ಸಾಫ್ಟ್‌ವೇರ್ ಹಾಕಿ ಹೆಜ್ಜೆ 0.01 ಮಾಡಿದರೆ 2.1ರ ಅಂಕಿ ಎಲ್ಲಿಗೋ ಹಾರಿಹೋಯಿತು. ಇನ್ನೂ ಚಿಕ್ಕ ಹೆಜ್ಜೆ ಇಟ್ಟರೆ ಇನ್ನೂ ದೂರ. ಒಂದು ಕಡೆ ನಿಲ್ಲುವ ಲಕ್ಷಣವೇ ಇಲ್ಲ.

ಮೇಡಂ ನನ್ನ ಅಂಕಿಗಳನ್ನು ನೋಡಿ ಪಕ್ಕದಲ್ಲೇ ಎರಡು ಸಾಲು ಬರೆದರು. ಎಕ್ಸ್ 1 ದಾಟಿದ ಮೇಲೆ ಎಕ್ಸ್ ಸ್ಕ್ವೇರ್ 1ಕ್ಕಿಂತ ಜಾಸ್ತಿ. ಹಾಗಾಗಿ ವೈ ಏರುವ ವೇಗ 1 ಪ್ಲಸ್ ವೈ ಸ್ಕ್ವೇರ್‌ಗಿಂತ ಕಡಿಮೆ ಇರಲು ಸಾಧ್ಯವಿಲ್ಲ. ಆ ವೇಗದಲ್ಲೇ ಏರುವುದು ಯಾವುದು? ಟ್ಯಾನ್. ಟ್ಯಾನ್ ಪೈ ಬೈ 2ರಲ್ಲಿ ಆಕಾಶಕ್ಕೆ ಹೋಗುತ್ತದೆ. ಅದಕ್ಕಿಂತ ಮುಂದೆ ಓಡುವ ನಮ್ಮ ವೈ, 1 ಪ್ಲಸ್ ಪೈ ಬೈ 2, ಅಂದರೆ 2.57 ಬರುವುದರೊಳಗೆ ಎಲ್ಲೋ ಒಂದು ಕಡೆ ಆಕಾಶಕ್ಕೆ ಹೋಗಿರಲೇಬೇಕು. ಆ ಜಾಗ ಸುಮಾರು 2.003. ನನ್ನ ಕ್ಯಾಲ್ಕುಲೇಟರ್ ಅದನ್ನು ಗಮನಿಸದೆ ಹೆಜ್ಜೆ ದಾಟಿಕೊಂಡು ಹೋಗಿತ್ತು. 2.1ರಲ್ಲಿ ಈ ಈಕ್ವೇಷನ್ನಿಗೆ ಉತ್ತರವೇ ಇಲ್ಲ.

‘ಇದಕ್ಕೂ ಆ ಥಿಯರಂನಲ್ಲಿ ಜಾಗ ಇದೆ’ ಅಂದರು ಮೇಡಂ. ‘ಶುರುವಿನ ಚುಕ್ಕಿ ಸುತ್ತ ಸ್ವಲ್ಪ ದೂರ ಅಷ್ಟೇ ಉತ್ತರ ಇದೆ ಅಂತ ಅಲ್ವಾ ಅದು ಹೇಳೋದು? ಎಷ್ಟು ದೂರ ಅಂತ ಹೇಳುತ್ತಾ? ಸ್ಟೇಟ್‌ಮೆಂಟ್ ಮತ್ತೆ ಓದಮ್ಮ.’